ಸ್ಟ್ರೋಕ್ ಆದ ಮೇಲೆ ಎಡಗಡೆ ಕಾಣುತ್ತಿಲ್ಲ, ಕನ್ನಡಕ ಬದಲಾಯಿಸಿದರೂ ಅಷ್ಟೇ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಅಪ್ಪನಿಗೆ 64 ವರ್ಷ, ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಕೈಕಾಲು, ಮಾತು ಎಲ್ಲಾ ಸುಮಾರಾಗಿ ಸರಿಹೋಗಿದೆ. ಆದರೆ ನಡೆಯುವಾಗ ಎಡಭುಜ ಬಾಗಿಲಿಗೆ ಬಡಿಯುತ್ತೆ. ಪೇಪರ್ ಓದಲು ಕೂತರೆ ಸಾಲಿನ ಮಧ್ಯದಿಂದ ಶುರು ಮಾಡಿ, ಅರ್ಥ ಆಗ್ತಿಲ್ಲ ಅಂತ ಮಡಚಿಡುತ್ತಾರೆ. ಎಡಗಣ್ಣು ಹೋಯಿತು ಅಂದುಕೊಂಡು ಹೊಸ ಕನ್ನಡಕ ಮಾಡಿಸಿದೆವು. ಏನೂ ಪ್ರಯೋಜನ ಆಗಲಿಲ್ಲ.

ಉತ್ತರ: ಬಹಳ ಜನ ಹೀಗೇ ಅಂದುಕೊಳ್ಳುತ್ತಾರೆ. ಮನೆಯಲ್ಲೇ ಒಂದು ಸಲ ನೋಡಿ: ಒಂದು ಕಣ್ಣು ಮುಚ್ಚಿ, ನಿಮ್ಮ ಮೂಗನ್ನೇ ನೋಡುವಂತೆ ಹೇಳಿ, ಪಕ್ಕದಲ್ಲಿ ಬೆರಳು ಆಡಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡರಲ್ಲೂ ಎಡಗಡೆಯೇ ಕಾಣದಿದ್ದರೆ ತೊಂದರೆ ಇರುವುದು ಕಣ್ಣಲ್ಲಲ್ಲ, ಮೆದುಳಿನಲ್ಲಿ. ಎರಡೂ ಕಣ್ಣಿನ ಎಡಭಾಗದ ನೋಟ ಮೆದುಳಿನ ಬಲಗಡೆಗೆ ಹೋಗುತ್ತೆ, ಅದನ್ನು ಅರ್ಥ ಮಾಡಿಕೊಳ್ಳುವ ಜಾಗ ತಲೆಯ ಹಿಂಭಾಗದಲ್ಲಿದೆ. ಅಲ್ಲಿಗೆ ಅಥವಾ ದಾರಿಯಲ್ಲಿ ಪೆಟ್ಟಾದರೆ ಅರ್ಧ ನೋಟ ಹೋಗುತ್ತೆ. ಅದಕ್ಕೇ ಕನ್ನಡಕದ ನಂಬರ್ ಬದಲಾಯಿಸಿ ಉಪಯೋಗ ಇಲ್ಲ. ಫೀಲ್ಡ್ ಟೆಸ್ಟ್ (ಸುತ್ತ ಎಲ್ಲೆಲ್ಲಿ ಕಾಣುತ್ತೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿ, ಎಷ್ಟು ಭಾಗ ಹೋಗಿದೆ ಅಂತ ಸರಿಯಾಗಿ ಗೊತ್ತಾಗುತ್ತೆ.

ಇನ್ನೊಂದು ವಿಷಯ ಗಮನಿಸಿ. "ಎಡಗಡೆ ನೋಡಿ" ಅಂದಾಗ ತಲೆ ತಿರುಗಿಸಿ ನೋಡುತ್ತಾರಾ, ಅಥವಾ ಎಡಗಡೆ ಅನ್ನೋದೇ ಇಲ್ಲ ಎಂಬಂತೆ ತಟ್ಟೆಯ ಅರ್ಧ ಊಟ ಬಿಟ್ಟು, ಒಂದೇ ಕೆನ್ನೆ ಶೇವ್ ಮಾಡಿಕೊಂಡು ಏಳುತ್ತಾರಾ? ಎರಡನೆಯದಾದರೆ ಗಮನವೇ ಆ ಕಡೆ ಹೋಗುತ್ತಿಲ್ಲ ಅಂತ. ಬಲಮೆದುಳಿನ ಸ್ಟ್ರೋಕ್‌ನಲ್ಲಿ ಇದು ಜಾಸ್ತಿ. ಎರಡೂ ಒಟ್ಟಿಗೆ ಇರಬಹುದು. ದಯವಿಟ್ಟು ಬೈಯಬೇಡಿ, ಅವರು ಬೇಕಂತ ಮಾಡುವುದಲ್ಲ.

ಓದುವಾಗ ಪುಟದ ಎಡ ಅಂಚಿಗೆ ಕೆಂಪು ಪಟ್ಟಿ ಇಡಿ, ಅದು ಕಾಣುವವರೆಗೂ ತಲೆ ತಿರುಗಿಸಿ ಆಮೇಲೆ ಸಾಲು ಶುರು ಮಾಡಲಿ. ದಿನಾ ಮಾಡಿಸಿ. ತಾನಾಗಿ ವಾಪಸ್ ಬರುವ ನೋಟ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಬರುತ್ತೆ. ಆಮೇಲೂ ತಲೆ ತಿರುಗಿಸಿ ನೋಡುವ ಅಭ್ಯಾಸದಿಂದ ಓಡಾಟ ಎಷ್ಟೋ ಸುಲಭ ಆಗುತ್ತೆ.

ಪ್ರಶ್ನೆ: ಬೆರಳು ಆಡಿಸಿ ನೋಡಿದೆ ಡಾಕ್ಟರೇ, ಎರಡು ಕಣ್ಣಲ್ಲೂ ಎಡಗಡೆ ಕಾಣಲ್ಲ. ಹೇಳಿದರೆ ತಿರುಗಿ ನೋಡುತ್ತಾರೆ. ಕಾರು ಓಡಿಸಬಹುದಾ ಅಂತ ಕೇಳುತ್ತಿದ್ದಾರೆ. ಮತ್ತೆ, ಸಂಜೆ ಹೊತ್ತು ಎಡಗಡೆ ಯಾರೋ ಕೂತ ಹಾಗೆ ಕಾಣುತ್ತೆ ಅಂತಾರೆ, ಭಯ ಆಗ್ತಿದೆ.

ಉತ್ತರ: ಕಾರು ಈಗ ಖಂಡಿತ ಬೇಡ. ಎಡದಿಂದ ಬರುವ ಮಗು ಅವರಿಗೆ ಕಾಣುವುದೇ ಇಲ್ಲ. ಫೀಲ್ಡ್ ಟೆಸ್ಟ್ ನೋಡಿ ಡಾಕ್ಟರ್ ಒಪ್ಪಿದ ಮೇಲಷ್ಟೇ ಆ ಮಾತು. ಇನ್ನು, ನೋಟ ಹೋದ ಜಾಗದಲ್ಲಿ ಮೆದುಳು ತಾನೇ ಚಿತ್ರ ಕಟ್ಟುವುದುಂಟು, ಅದು ಹುಚ್ಚಲ್ಲ. ಎಷ್ಟೋ ಜನ ಹೆದರಿ ಹೇಳಿಕೊಳ್ಳುವುದೇ ಇಲ್ಲ, ಅವರು ಹೇಳಿದ್ದು ಒಳ್ಳೆಯದಾಯಿತು. ಆದರೂ ನರರೋಗ ತಜ್ಞರಿಗೆ ತಿಳಿಸಿ, ಫಿಟ್ಸ್‌ನಿಂದಲೂ ಹೀಗಾಗಬಹುದು. ನೋಟ ಇದ್ದಕ್ಕಿದ್ದಂತೆ ಇನ್ನೂ ಕಡಿಮೆಯಾದರೆ ಅಥವಾ ಎರಡೆರಡು ಕಂಡರೆ ಕಣ್ಣಾಸ್ಪತ್ರೆಗೆ ಹೋಗಿ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.