ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ಕೀ ಕೇಳುತ್ತಿದೆ, ಒಳಗೆ ಅಪ್ಪನ ಅಡಿಕೆ ಲೆಕ್ಕ ಇದೆ. ಯಾರಿಗಾದರೂ ಹೀಗಾಗಿತ್ತಾ?

ಕೇಳಿದವರು, ಶಿರಸಿ ಕಡೆಯಿಂದ:

ಅಪ್ಪನ ಲ್ಯಾಪ್‌ಟಾಪ್ ಹೋದ ತಿಂಗಳು ಆನ್ ಆಗುವುದೇ ನಿಂತಿತು. ಪೇಟೆಯ ಅಂಗಡಿಯಲ್ಲಿ ಕೊಟ್ಟೆವು, ಮದರ್‌ಬೋರ್ಡ್ ಬದಲಿಸಿ ಕೊಟ್ಟರು. ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ. ಬಿಟ್‌ಲಾಕರ್ ರಿಕವರಿ ಕೀ ಹಾಕಿ ಅನ್ನುತ್ತದೆ. ಅಂಥದ್ದೊಂದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ, ಅಪ್ಪ ದಿನಾ ನಾಲ್ಕಂಕಿಯ ಪಿನ್ ಒತ್ತಿ ಒಳಗೆ ಹೋಗುತ್ತಿದ್ದರು ಅಷ್ಟೆ. ಅಂಗಡಿಯವರನ್ನು ಕೇಳಿದರೆ "ಫಾರ್ಮ್ಯಾಟ್ ಮಾಡಿಕೊಡ್ತೇನೆ, ಹೊಸದರ ಹಾಗೆ ಆಗ್ತದೆ" ಅಂತಾರೆ. ಒಳಗೆ 2021ರಿಂದ ಈಚಿನ ಅಡಿಕೆ ಲೆಕ್ಕ ಪೂರ್ತಿ ಎಕ್ಸೆಲ್‌ನಲ್ಲಿದೆ, ಯಾವ ಕೊಯ್ಲಿಗೆ ಎಷ್ಟು ಕ್ವಿಂಟಲ್, ಕೂಲಿ ಯಾರಿಗೆ ಎಷ್ಟು ಬಾಕಿ, ಎಲ್ಲ. ಅಕ್ಕನ ಮದುವೆ ಫೋಟೊಗಳೂ ಅದರಲ್ಲೇ. ಬೇರೆ ಕಡೆ ಕಾಪಿ ಇಲ್ಲ (ಬೈಯಬೇಡಿ, ಮನೆಯಲ್ಲಿ ಅದು ಆಗಲೇ ಆಗಿದೆ). ದಾರಿ ಇದೆಯಾ?

ದಾವಣಗೆರೆಯಿಂದ ಒಬ್ಬರು:

ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ. ನಾನು ಇದೇ ಪರದೆ ನೋಡಿ ಹೆದರಿ "ಆಯ್ತು ಮಾಡಿ" ಅಂದುಬಿಟ್ಟೆ. ಸಂಜೆಗೆ ಯಂತ್ರ ಪಳಪಳ ಅಂತ ವಾಪಸ್ ಬಂತು, ಮಗಳ ಮೊದಲ ಹುಟ್ಟುಹಬ್ಬದ ವಿಡಿಯೊ ಹೋಗಿತ್ತು. ಎಂಟು ದಿನ ಆದ ಮೇಲೆ ಯಾರೋ ಹೇಳಿದರು, ಕೀ ನನ್ನ ಮೇಲ್ ಅಕೌಂಟಿನಲ್ಲೇ ಇತ್ತಂತೆ. ನೋಡಿದರೆ ಹೌದು, ಇತ್ತು. ಅದನ್ನು ನೋಡಿದ ಹೊತ್ತಿನ ಹೊಟ್ಟೆಯುರಿ ಯಾರಿಗೂ ಬೇಡ.

ಮೈಸೂರಿನಿಂದ, ಕಾಲೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು:

ಏನಾಗಿದೆ ಅಂತ ಮೊದಲು ಹೇಳುತ್ತೇನೆ. ಈಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದರೆ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. ಬಿಟ್‌ಲಾಕರ್ ಅಂದರೆ ಆ ಬೀಗವೇ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ಜಾಸ್ತಿ ಯಂತ್ರಗಳಿಗೆ ಬಂದಿದೆ. ಆ ಬೀಗವನ್ನು ದಿನಾ ತೆಗೆಯುವುದು ಟಿಪಿಎಂ ಅನ್ನೋ ಚಿಪ್. ಅದು ಮದರ್‌ಬೋರ್ಡ್ ಕಡೆಯದು. ಬೋರ್ಡ್ ಬದಲಾಯಿತು ಅಂದರೆ ಡಿಸ್ಕ್ ಕಣ್ಣಿಗೆ ಕಳ್ಳ ಬಂದ ಹಾಗೆ. ಬಯಾಸ್, ಅಂದರೆ ಯಂತ್ರವನ್ನು ಶುರು ಮಾಡುವ ಬೋರ್ಡಿನ ತಂತ್ರಾಂಶ, ಅಪ್‌ಡೇಟ್ ಆದಾಗಲೂ ಕೆಲವು ಸಲ ಹೀಗೇ ಕೇಳುತ್ತದೆ. ಅಂಗಡಿಯವರು ಬಿಚ್ಚುವ ಮೊದಲೇ ನಿಮಗೆ ಹೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಕೀ ಅಂದರೆ 48 ಅಂಕಿ, ಆರಾರು ಅಂಕಿಯ ಎಂಟು ಗುಂಪು. ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಅಕೌಂಟಿನ ಪುಟಕ್ಕೆ ಹೋಗಿ, ಡಿವೈಸಸ್ ಒಳಗೆ ರಿಕವರಿ ಕೀ ನೋಡಿ. ಪಟ್ಟಿಯಲ್ಲಿ ಎರಡು ಮೂರು ಇದ್ದರೆ ಗಾಬರಿ ಬೇಡ, ನೀಲಿ ಪರದೆಯಲ್ಲಿ ಕೀ ಐಡಿ ಅಂತ ಇರುತ್ತದೆ, ಅದರ ಮೊದಲ ಎಂಟು ಅಕ್ಷರ ಯಾವುದಕ್ಕೆ ಹೊಂದುತ್ತದೋ ಅದೇ ನಿಮ್ಮದು. ಎಲ್ಲೂ ಸಿಗದಿದ್ದರೆ ಮೈಕ್ರೋಸಾಫ್ಟ್‌ನವರೂ ಕೊಡಲಾರರು, ಅವರ ಹತ್ತಿರವೂ ಬೇರೆ ನಕಲು ಇರುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಲ್ಯಾಪ್‌ಟಾಪ್ ತಂದ ದಿನ ಕೂತು ಸೆಟಪ್ ಮಾಡಿದ್ದು ಯಾರು? ಕೀ ಹೋಗಿ ಕೂರುವುದು ಸಾಮಾನ್ಯವಾಗಿ ಅವತ್ತು ಮೊದಲು ಲಾಗಿನ್ ಆದವರ ಅಕೌಂಟಿನಲ್ಲಿ. ಅಪ್ಪನ ಅಕೌಂಟಿನಲ್ಲಿ ಹುಡುಕಿ ಸಿಗಲಿಲ್ಲ ಅಂತ ಸುಮ್ನೆ ಕೂರಬೇಡಿ.

ಇನ್ನೊಬ್ಬರು:

ಯೂಟ್ಯೂಬಿನಲ್ಲಿ ಪೆನ್‌ಡ್ರೈವ್ ಹಾಕಿ ಪಾಸ್‌ವರ್ಡ್ ತೆಗೆಯೋದು ಇದೆಯಲ್ಲ, ಎರಡೇ ನಿಮಿಷ. ಹಳೇ ಡೆಸ್ಕ್‌ಟಾಪಿಗೆ ನಾನೇ ಮಾಡಿದ್ದೇನೆ.

ಮೈಸೂರಿನವರು ಮತ್ತೆ:

ನಿಮ್ಮ ಡೆಸ್ಕ್‌ಟಾಪಿನ ಡಿಸ್ಕಿಗೆ ಬೀಗ ಇರಲಿಲ್ಲ, ಅದಕ್ಕೇ ಆಯ್ತು. ಅಂಥ ಯಂತ್ರಕ್ಕಾದರೆ ಪೆನ್‌ಡ್ರೈವಿನಿಂದ ಉಬುಂಟು (ವಿಂಡೋಸ್ ಬದಲು ಬಳಸುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಶುರು ಮಾಡಿ ಫೈಲ್‌ಗಳನ್ನು ಆರಾಮಾಗಿ ಎಳೆದುಕೊಳ್ಳಬಹುದು. ಬಿಟ್‌ಲಾಕರ್ ಇದ್ದ ಕಡೆ ಕೀ ಇಲ್ಲದೆ ಅದೂ ನಡೆಯಲ್ಲ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ನಡೆಯಲ್ಲ.

ಬೆಂಗಳೂರಿನಿಂದ:

ಒಂದು ಮಾತು. ಸಹಾಯವಾಣಿ ನಂಬರ್ ಅಂತ ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ನಮ್ಮ ಚಿಕ್ಕಪ್ಪ ಮಾಡಿದ್ದರು. ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡಿ, ಮೊಬೈಲಿಗೆ ಪರದೆ ಹಂಚುವ ಆಪ್ ಹಾಕಿಸಿ, ಹತ್ತು ರೂಪಾಯಿ ಫೀಸ್ ಕಟ್ಟಿ ಅಂದ. ಹೋಗಿದ್ದು ಹದಿನೆಂಟು ಸಾವಿರ. ಸೈಬರ್ ವಂಚನೆ ದೂರಿನ ಸರ್ಕಾರಿ ನಂಬರ್ 1930ಕ್ಕೆ ತಕ್ಷಣ ಫೋನ್ ಮಾಡಿದ್ದರಿಂದ ಸ್ವಲ್ಪ ಭಾಗ ಬ್ಯಾಂಕಿನಲ್ಲೇ ತಡೆಯಿತು. ಲ್ಯಾಪ್‌ಟಾಪ್ ಮಾತ್ರ ಹಾಗೇ ಲಾಕ್.

ಕೇಳಿದವರು:

ಮೈಸೂರಿನ ಸರ್, ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾಯಿತು! ಲ್ಯಾಪ್‌ಟಾಪ್ ತಂದಿದ್ದು 2021ರ ದೀಪಾವಳಿಗೆ. ಅಕ್ಕನ ಮದುವೆಯಾದ ಮೇಲಿನ ಮೊದಲ ದೀಪಾವಳಿ, ಭಾವ ಬಂದಿದ್ದರು. ಹೊಸ ಅಳಿಯನನ್ನು ಎಲ್ಲರೂ ಹೋಳಿಗೆ ತಿನ್ನಿಸಿ ಕೊಲ್ಲುತ್ತಿದ್ದಾಗ ಅವರು ತಪ್ಪಿಸಿಕೊಳ್ಳಲಿಕ್ಕೆ ಜಗಲಿ ಮೇಲೆ ಕೂತು ಇದನ್ನು ಸೆಟಪ್ ಮಾಡಿದ್ದು. ಈಗ ಪುಣೆಯಲ್ಲಿದ್ದಾರೆ. ಫೋನ್ ಮಾಡಿದೆ, ಅವರ ಅಕೌಂಟಿನಲ್ಲಿ ನೋಡಿದರು, ಇದೆ! ಕೀ ಐಡಿ ಹೊಂದಿತು. ಆದರೆ ಅವರು ಫೋನಿನಲ್ಲಿ ಓದಿದ್ದನ್ನು ಎರಡು ಸಲ ಹಾಕಿದರೂ ತಪ್ಪು ಅನ್ನುತ್ತಿದೆ. ನಮ್ಮಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ.

ಮೈಸೂರಿನವರು:

ಬರೆದುಕೊಂಡ ಪ್ರತಿ ಗುಂಪನ್ನೂ ಕ್ಯಾಲ್ಕುಲೇಟರಿನಲ್ಲಿ 11ರಿಂದ ಭಾಗಿಸಿ. ಶೇಷ ಉಳಿಯಬಾರದು. ಉಳಿದ ಗುಂಪಿನಲ್ಲಿ ಅಂಕಿ ತಪ್ಪಿದೆ ಅಂತ ಅರ್ಥ, ಆ ಕೀ ಮಾಡಿರುವುದೇ ಹಾಗೆ.

ಕೇಳಿದವರು:

ಆರನೇ ಗುಂಪು! "ಏಳು" ಅಂದಿದ್ದನ್ನು "ಏಳೇಳು" ಅಂತ ಕೇಳಿಸಿಕೊಂಡು ಕೊನೆಯ ಅಂಕಿ ಬಿಟ್ಟಿದ್ದೆ. ನೀಲಿ ಪರದೆ ಹೋಯಿತು. ಆದರೆ ಈಗ ಅಪ್ಪನ ಪಿನ್ ಹಿಡಿಯುತ್ತಿಲ್ಲ. ಪಿನ್ ಲಭ್ಯವಿಲ್ಲ ಅನ್ನುತ್ತಿದೆ. ಪಾಸ್‌ವರ್ಡ್ ಅಪ್ಪನಿಗೆ ನೆನಪಿಲ್ಲ, ಒಟಿಪಿ ಹೋಗುವುದು ರೀಚಾರ್ಜ್ ನಿಲ್ಲಿಸಿದ ಹಳೇ ನಂಬರಿಗೆ.

ಧಾರವಾಡದಿಂದ, ನಿವೃತ್ತ ಮೇಷ್ಟ್ರು:

ಪಾಸ್‌ವರ್ಡ್ ನೆನಪಿಲ್ಲ ಅಂತ ತೀರ್ಮಾನ ಮಾಡುವ ಮುಂಚೆ ಒಂದು ನೋಡಿ. ನಾನು ಎರಡು ದಿನ ಸರಿಯಾದ ಪಾಸ್‌ವರ್ಡನ್ನೇ ಹೊಡೆದು ಹೊಡೆದು ಸೋತಿದ್ದೆ. ಮಗಳು ಕನ್ನಡ ಟೈಪ್ ಮಾಡಲು ಇನ್‌ಸ್ಕ್ರಿಪ್ಟ್ ಅನ್ನೋ ಕೀಲಿಮಣೆ ವಿನ್ಯಾಸ ಹಾಕಿದ್ದಳು, ಲಾಕ್ ಪರದೆಯಲ್ಲೂ ಕನ್ನಡವೇ ನಿಂತಿತ್ತು. ಕಾಣುವುದು ಬರೀ ಚುಕ್ಕಿ, ನಮಗೆ ಹೇಗೆ ಗೊತ್ತಾಗಬೇಕು? ಪೆಟ್ಟಿಗೆಯ ಬಲಗಡೆ ಕಣ್ಣಿನ ಚಿತ್ರ ಇರುತ್ತದೆ, ಒತ್ತಿದರೆ ಬರೆದದ್ದು ಕಾಣುತ್ತದೆ. ಒತ್ತಿ ನೋಡಿದರೆ ಒತ್ತಕ್ಷರದ ರಾಶಿ! ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದ ಮೇಲೆ ಇಂಗ್ಲಿಷಿಗೆ ಬಂತು. ಕನ್ನಡ ಮೇಷ್ಟ್ರಿಗೆ ಕನ್ನಡವೇ ಕೈಕೊಟ್ಟಿತು ಅಂತ ಮಗಳು ಇಂದಿಗೂ ಆಡಿಕೊಳ್ಳುತ್ತಾಳೆ. ನಂಬರ್ ಲಾಕ್ ಕೂಡ ನೋಡಿ, ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಿದ್ದಿದ್ದರೆ ಕೆಲವು ಅಕ್ಷರಗಳ ಜಾಗದಲ್ಲಿ ಅಂಕಿ ಬರುತ್ತವೆ.

ಮೈಸೂರಿನವರು:

ಮೇಷ್ಟ್ರು ಹೇಳಿದ್ದು ನಿಜ, ಕಾಲೇಜಿನಲ್ಲಿ ನನಗೆ ಬರುವ ದೂರುಗಳಲ್ಲಿ ಇಂಥವು ತುಂಬಾ. ಇಲ್ಲಿ ಪಿನ್ ಹೋದದ್ದಕ್ಕೆ ಮಾತ್ರ ಕಾರಣ ಬೇರೆ. ಪಿನ್ ಆ ಹಳೇ ಬೋರ್ಡಿಗಷ್ಟೇ ಕಟ್ಟಿದ್ದು, ಅದರ ಜೊತೆಗೇ ಹೋಯಿತು. ಹಳೇ ನಂಬರ್ ಬೇರೆಯವರಿಗೆ ಹೋಗಿಲ್ಲದಿದ್ದರೆ ಅಪ್ಪನನ್ನು ಆಧಾರ್ ಸಮೇತ ಸಿಮ್ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿ. ಬಳಕೆ ನಿಂತು 90 ದಿನ ದಾಟಿದ್ದರೆ ಕಷ್ಟ. ಆಗ ಮೈಕ್ರೋಸಾಫ್ಟ್‌ನ ಅಕೌಂಟ್ ರಿಕವರಿ ಫಾರ್ಮ್ ತುಂಬಬೇಕು. ಹಳೇ ಪಾಸ್‌ವರ್ಡ್, ಈಚೆಗೆ ಕಳಿಸಿದ ಮೇಲ್‌ಗಳ ವಿಷಯದ ಸಾಲು, ಇಂಥದ್ದೆಲ್ಲ ಕೇಳುತ್ತಾರೆ. ದಿನಕ್ಕೆ ಎರಡೇ ಸಲ ಕಳಿಸಬಹುದು, ಆದ್ದರಿಂದ ಅಪ್ಪನ ಜೊತೆ ಕೂತು ನೆನಪು ಮಾಡಿಕೊಂಡೇ ತುಂಬಿ.

ಆದರೆ ಅಷ್ಟು ದೂರ ಹೋಗುವ ಮೊದಲು ಲಾಕ್ ಪರದೆಯ ಎಡಗಡೆ ಕೆಳಗೆ ನೋಡಿ. ಭಾವನ ಹೆಸರು ಇನ್ನೂ ಇದೆಯಾ? ಇದ್ದರೆ ಅವರು ಅಡ್ಮಿನ್, ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವವರು, ಆಗಿರಬಹುದು. ಅವರ ಪಾಸ್‌ವರ್ಡಿನಿಂದ ಒಳಗೆ ಹೋಗಿ, ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ಅಪ್ಪನ ಹೆಸರು ಒತ್ತಿದರೆ ಅನುಮತಿ ಕೇಳುತ್ತದೆ, ಕಂಟಿನ್ಯೂ ಕೊಡಿ. ಅಡಿಕೆ ಲೆಕ್ಕ ಅಲ್ಲೇ ಇರುತ್ತದೆ. ಎಲ್ಲ ಹೊರಗೆ ಕಾಪಿ ಆಗುವ ತನಕ ಬೇರೇನೂ ಮುಟ್ಟಬೇಡಿ. ಆಮೇಲೂ ಪ್ರತಿ ಸಲ ಆನ್ ಮಾಡಿದಾಗ 48 ಅಂಕಿ ಕೇಳಿದರೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಆ ಬೀಗ) ಆಫ್ ಮಾಡಿ, ಅದು ಪೂರ್ತಿ ಮುಗಿದ ಮೇಲೆ ಮತ್ತೆ ಆನ್ ಮಾಡಿ. ಆಗ ಹೊಸ ಕೀ ಬರುತ್ತದೆ, ಹಳೆಯದು ಕೆಲಸಕ್ಕೆ ಬರಲ್ಲ.

ಕೇಳಿದವರು:

ಭಾವನ ಹೆಸರು ಇತ್ತು. ಒಳಗೆ ಹೋದೆ. ಅಡಿಕೆ ಫೈಲ್ ಸಿಕ್ಕಿತು, ಅದನ್ನು ಮೊದಲು ನನಗೇ ಮೇಲ್ ಮಾಡಿಕೊಂಡೆ, ಮದುವೆ ಫೋಟೊಗಳು ಹಾರ್ಡ್‌ಡಿಸ್ಕಿಗೆ ಹೋಗುತ್ತಿವೆ, ಇನ್ನೂ ನಲವತ್ತು ನಿಮಿಷ ತೋರಿಸುತ್ತಿದೆ. ಕರೆಂಟ್ ಹೋಗದಿದ್ದರೆ ಸಾಕು. ಹೊಸ ಕೀ ಬಂದ ಮೇಲೆ ತಮ್ಮ ಹಳೇ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತಾರಂತೆ ಅಪ್ಪ. ಪಿನ್ ಮಾತ್ರ ಮೊದಲಿನದೇ ಇಡು, ಬೇರೆ ನೆನಪಿರಲ್ಲ ಅಂತ ಈಗಲೇ ಮೂರು ಸಲ ಹೇಳಿಯಾಯಿತು.