ನಾವು ನಗಿಸುವವರು, ಜನ ಕಾಗದ ಹಿಡಿದು ಬರುತ್ತಿದ್ದಾರೆ. ಏನು ಮಾಡೋದು?

ಹಾಳೆಟೋಪಿ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ಲೋಕಲ್ ಕೇಬಲ್‌ನಲ್ಲಿ ಭಾನುವಾರ ಸಂಜೆ ಹದಿನೈದು ನಿಮಿಷದ ತಮಾಷೆ ವಾರ್ತೆ ನಡೆಸುತ್ತೇವೆ. ಮದುವೆಗೆ ಹೊಲಿಸಿದ ಕೋಟು ಹಾಕಿ, ತಲೆಗೆ ಅಡಿಕೆ ಹಾಳೆಯ ಟೋಪಿ ಇಟ್ಟುಕೊಂಡು ನಾನು ವಾರ್ತೆ ಓದುತ್ತೇನೆ. ಸ್ಟುಡಿಯೋ ಅಂದರೆ ಅಡಿಕೆ ಚೀಲ ಇಡುವ ಕೋಣೆ. ಕರೆಂಟು ಹೋದರೆ ಆ ವಾರ ವಾರ್ತೆ ಇಲ್ಲ, ಮಳೆಗಾಲದಲ್ಲಿ ಅದೇ ಜಾಸ್ತಿ. ಕೊಳೆ ರೋಗ, ಮಂಗನ ಕಾಟ, ಬಾರದ ಬಸ್ಸು, ಇಂಥವೇ ವಿಷಯ. ಅಡಿಕೆ ಸುಲಿಯುವ ಹೆಂಗಸರಿಗೆ ಮೊದಲು ಓದಿ ಹೇಳುತ್ತೇವೆ. ಅವರು ನಗದಿದ್ದರೆ ಆ ಜೋಕು ಒಲೆಗೆ.

ಹೋದ ಮಳೆಗಾಲದಲ್ಲಿ ಒಂದು ಕಾಲುಸಂಕದ, ಅಂದರೆ ಹಳ್ಳ ದಾಟುವ ಸಣ್ಣ ಸೇತುವೆಯ ಬಗ್ಗೆ ಮಾಡಿದೆವು. ಊರಿನ ಹೆಸರು ಬೇಡ. ಸಂಕ ಆಗಿದೆ ಅಂತ ಕಡತ ಹೇಳುತ್ತದೆ. ಹಳ್ಳದ ಮೇಲೆ ಈಗಲೂ ಇರುವುದು ಎರಡು ಅಡಿಕೆ ದಬ್ಬೆ. ನಾವು ಎರಡೂ ದಡದಲ್ಲಿ ಬಾಳೆಕಂಬ ನೆಟ್ಟು, ಇಲ್ಲದ ಸಂಕಕ್ಕೆ ಕಾಯಿ ಒಡೆದು, ಟೇಪು ಕತ್ತರಿಸಿದೆವು. "ಈ ಸಂಕದ ವಿಶೇಷ ಏನೆಂದರೆ ಇದು ಯಾವತ್ತೂ ತುಕ್ಕು ಹಿಡಿಯುವುದಿಲ್ಲ" ಅಂತ ವಾರ್ತೆ ಓದಿದೆ. ಜನ ಬಿದ್ದು ಬಿದ್ದು ನಕ್ಕರು.

ಮರುವಾರ ಒಬ್ಬರು ಅಜ್ಜಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಾಗದ ಸುತ್ತಿಕೊಂಡು ನಮ್ಮ ಜಗುಲಿಗೆ ಬಂದರು. "ನಗ್ಸಿದ್ದು ಸಾಕು ಮಾರಾಯ, ಇದ್ನ ಓದು" ಅಂದರು. ಅವರ ಮೊಮ್ಮಗ ಮಾಹಿತಿ ಹಕ್ಕಿನಲ್ಲಿ ತೆಗೆಸಿದ ಬಿಲ್ಲುಗಳು. ಅದೇ ಸಂಕಕ್ಕೆ ಎರಡು ವರ್ಷ, ಎರಡು ಬಿಲ್ಲು. ಅವತ್ತಿನಿಂದ ಜನ ಬರುವುದು ನಿಂತೇ ಇಲ್ಲ. ಪಹಣಿ, ರೇಷನ್ ಕಾರ್ಡು, ಅರ್ಧಕ್ಕೆ ನಿಂತ ಮನೆ. ಒಬ್ಬರಂತೂ ಶರಾವತಿ ಮುಳುಗಡೆಯಿಂದ ಎದ್ದು ಬಂದ ಅಪ್ಪನ ಕಾಲದ ಅರ್ಜಿ ತಂದರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಕಾಗದ ಹಿಡಿದುಕೊಂಡು ನಾನು ಯಾವ ಜೋಕು ಮಾಡಲಿ?

ಇನ್ನೊಂದು ತಪ್ಪೊಪ್ಪಿಗೆ. ಒಂದು ವಾರ, ಗುತ್ತಿಗೆದಾರ ಇಂಥವರ ಭಾವ ಅಂತ ಹೇಳಿಬಿಟ್ಟೆ. ಭಾವ ಅಲ್ಲ, ಹೆಸರಷ್ಟೇ ಒಂದೇ. ಮುಂದಿನ ವಾರ ಟೋಪಿ ತೆಗೆದು ಕ್ಷಮೆ ಕೇಳಿದೆ. ಜನ ಅದನ್ನೂ ಜೋಕು ಅಂದುಕೊಂಡು ನಕ್ಕರು. ಆ ಮನುಷ್ಯ ಈಗ ಮದುವೆ ಮನೆಯಲ್ಲಿ ನನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಟೋಪಿ ಇಟ್ಟುಕೊಂಡೇ ಇದನ್ನೆಲ್ಲ ಹೇಳಬಹುದಾ, ಅಥವಾ ತಮಾಷೆ ನಿಲ್ಲಿಸಬೇಕಾ?

ಶಂಕರಘಟ್ಟದ ಹಳೇ ವಿದ್ಯಾರ್ಥಿನಿ

ಅಣ್ಣ, ಹಾಸ್ಯಗಾರ ಜಾನ್ ಆಲಿವರ್ ಶೋ ನೋಡಿದ್ದೀರಾ? ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಶುರುವಾಯಿತು. ವಾರದ ಸುದ್ದಿಗೆ ಒಗ್ಗರಣೆ ಹಾಕುವ ಇನ್ನೊಂದು ಶೋ ಅಂತ ನಾನು ಅಂದುಕೊಂಡಿದ್ದೆ. ಅದೇ ಸೆಪ್ಟೆಂಬರ್‌ನಲ್ಲಿ ಮಿಸ್ ಅಮೆರಿಕ ಸ್ಪರ್ಧೆಯನ್ನು ಹಿಡಿದರು. ವರ್ಷಕ್ಕೆ 45 ಮಿಲಿಯನ್ ಡಾಲರ್ ಸ್ಕಾಲರ್‌ಶಿಪ್ ಒದಗಿಸುತ್ತೇವೆ ಅಂತ ಆ ಸಂಸ್ಥೆ ಹೇಳಿಕೊಳ್ಳುತ್ತಿತ್ತು. ಶೋದವರು ಸುಮ್ನೆ ಅಣಕಿಸಿ ಬಿಡಲಿಲ್ಲ. ಸಂಸ್ಥೆಯದ್ದು, ರಾಜ್ಯಗಳ ಸ್ಪರ್ಧೆಗಳದ್ದು, ಎಲ್ಲ ತೆರಿಗೆ ಕಾಗದ ತರಿಸಿ ಕೂತು ಕೂಡಿಸಿದರು. ಲೆಕ್ಕ 45ರ ಹತ್ತಿರಕ್ಕೂ ಬರಲಿಲ್ಲ. ಒಂದು ಕಡೆಯಂತೂ ಒಬ್ಬಳಿಗೆ ಸಿಗುವ ಸ್ಕಾಲರ್‌ಶಿಪ್ಪನ್ನು ಎಲ್ಲ ಸ್ಪರ್ಧಿಗಳ ಸಂಖ್ಯೆಯಿಂದ ಗುಣಿಸಿ ಇಟ್ಟಿದ್ದರು! ನಿಮ್ಮ ಸಂಕದ ಬಿಲ್ಲಿಗೆ ಅಕ್ಕ ಆಗಬೇಕು ಅದು. ಅಲ್ಲಿ ಬೇರೆ ಜೋಕು ಬೇಕಾಗಲೇ ಇಲ್ಲ, ಗುಣಾಕಾರವೇ ಸಾಕಾಯಿತು.

ಇಷ್ಟೆಲ್ಲ ಮಾಡಿಯೂ ಆಲಿವರ್ ತಾನು ಪತ್ರಕರ್ತ ಅಲ್ಲ ಅಂತಲೇ ಹೇಳುತ್ತಾರೆ. ನನಗೆ ಅದು ಸ್ವಲ್ಪ ಜಾಣತನ ಅನ್ನಿಸುತ್ತದೆ. ಕೇಸು ಹಾಕುವವರು ಈ ವ್ಯತ್ಯಾಸ ನೋಡುವುದಿಲ್ಲ. ಕಲ್ಲಿದ್ದಲು ಉದ್ಯಮಿ ರಾಬರ್ಟ್ ಮರ್ರಿ 2017ರಲ್ಲಿ ಆಲಿವರ್ ಮೇಲೆ ಹಾಕಿದ ಕೇಸು ಮರುವರ್ಷ ವಜಾ ಆಯಿತು. ಆದರೂ ವಕೀಲರ ಖರ್ಚು 2 ಲಕ್ಷ ಡಾಲರ್ ದಾಟಿತು ಅಂತ ಆಲಿವರ್ ಆಮೇಲೆ ಶೋನಲ್ಲೇ ಹೇಳಿದರು. ನೀವು ಅಡಿಕೆ ರೇಟು ನೋಡಿಕೊಂಡು ಮುಂದುವರಿಯಿರಿ.

ಸಾಗರಕ್ಕೆ ವಾಪಸ್ ಬಂದವ

ನಾನು ಎಂಟು ವರ್ಷ ಜರ್ಮನಿಯಲ್ಲಿದ್ದೆ. ಅಲ್ಲಿ ಯಾನ್ ಬ್ಯೋಮರ್‌ಮನ್ ಅಂತ ಒಬ್ಬ ಟಿವಿ ಹಾಸ್ಯಗಾರ ಇದ್ದಾನೆ. 2016ರಲ್ಲಿ ಟರ್ಕಿಯ ಅಧ್ಯಕ್ಷರ ಮೇಲೆ ಬೇಕಂತಲೇ ಹೊಲಸು ಪದ್ಯ ಓದಿ ದೊಡ್ಡ ಗಲಾಟೆ ಮಾಡಿಕೊಂಡವನು. ಬೇರೆ ದೇಶದ ಮುಖ್ಯಸ್ಥರನ್ನು ಅವಮಾನಿಸಿದರೆ ಶಿಕ್ಷೆ ಅನ್ನುವ ಹಳೇ ಕಾನೂನು ಆಗ ಎದ್ದು ಬಂತು. ಕೊನೆಗೆ ಆ ಕಾನೂನೇ 2018ರ ಜನವರಿಯಿಂದ ಹೋಯಿತು.

ಅವನೇ 2022ರ ಅಕ್ಟೋಬರ್‌ನಲ್ಲಿ ಮಾಡಿದ್ದು ನೋಡಿ. ಎನ್‌ಎಸ್‌ಯು ಅಂತ ಒಂದು ನವ ನಾಜಿ ಗುಂಪು ಹತ್ತು ಜನರನ್ನು ಕೊಂದಿತ್ತು. ಹೆಸ್ಸೆ ರಾಜ್ಯದ ಗುಪ್ತಚರ ಇಲಾಖೆ ಆ ಬಗ್ಗೆ ಬರೆದ ವರದಿಯನ್ನು ಮೊದಲು 120 ವರ್ಷ ಮುಚ್ಚಿಡುತ್ತೇವೆ ಅಂದಿತ್ತು. ಆಮೇಲೆ 30ಕ್ಕೆ ಇಳಿಸಿದರು. ಇವನ ತಂಡ, ಮಾಹಿತಿ ಹಕ್ಕಿನ ಕೆಲಸ ಮಾಡುವ ಒಂದು ಸಂಸ್ಥೆಯ ಜೊತೆ ಸೇರಿ, ಅದನ್ನು ಹೊರಗೆ ಹಾಕಿತು. ನಿಮಗೆ ಬೇಕಾದ ಪಾಠ ಇಲ್ಲಿದೆ. ವರದಿಯನ್ನು ಇಂಟರ್‌ನೆಟ್ಟಿನಲ್ಲಿ ಬೇರೆ ಜಾಗದಲ್ಲಿ ಇಟ್ಟರು, ಯಾರು ಬೇಕಾದರೂ ಓದಬಹುದು. ಶೋ ನೋಡಿ ನಕ್ಕವನಿಗೂ ಕಡತ ಕೈಗೆ ಸಿಕ್ಕಿತು.

ಅದೇ ತಿಂಗಳು ಎಡವಿದ್ದೂ ಅವನೇ. ಸೈಬರ್ ಭದ್ರತಾ ಇಲಾಖೆಯ ಮುಖ್ಯಸ್ಥರ ಬಗ್ಗೆ ಒಂದು ಸಂಚಿಕೆ ಬಂತು. ಹನ್ನೊಂದೇ ದಿನದಲ್ಲಿ ಅವರ ಕುರ್ಚಿ ಹೋಯಿತು. 2024ರ ಡಿಸೆಂಬರ್‌ನಲ್ಲಿ ಮ್ಯೂನಿಕ್ ಕೋರ್ಟು, ಅವರ ಬಗ್ಗೆ ಆಡಿದ ಕೆಲವು ಮಾತುಗಳನ್ನು ಮತ್ತೆ ಹೇಳುವಂತಿಲ್ಲ ಅಂತ ತೀರ್ಪು ಕೊಟ್ಟಿತು. ನಿಮ್ಮ 'ಭಾವ'ನ ಕಥೆಯೇ, ಅಳತೆ ಮಾತ್ರ ದೊಡ್ಡದು.

ನಿವೃತ್ತ ಬಿಡಿ ಸುದ್ದಿಗಾರ, ಶಿವಮೊಗ್ಗ

ತಮ್ಮಾ, ಜರ್ಮನಿ ಅಮೆರಿಕ ಎಲ್ಲ ಸರಿ. ನಮ್ಮ ಜಿಲ್ಲೆಯ ಕೊನಗವಳ್ಳಿಯ ಲಂಕೇಶ್ 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಅದರಲ್ಲಿ ಗೇಲಿಯೂ ಇತ್ತು, ಹಗರಣವೂ ಇತ್ತು. ಜಾಹೀರಾತು ಮಾತ್ರ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ನಗುತ್ತಾ ಓದುತ್ತಿದ್ದರು, ನಂಬುತ್ತಲೂ ಇದ್ದರು. ನಗಿಸಿದರೆ ನಂಬುವುದಿಲ್ಲ ಅನ್ನುವುದು ನಿನ್ನ ಭಯ ಅಷ್ಟೇ. ನಿನ್ನ ಕ್ಷಮೆಗೆ ಜನ ನಕ್ಕದ್ದು ಯಾಕೆ ಗೊತ್ತಾ? ಅದನ್ನೂ ಅದೇ ಕೋಟು, ಅದೇ ದನಿಯಲ್ಲಿ ಹೇಳಿದ್ದೀಯ. ತಪ್ಪಾದರೆ ಆ ಮನೆಗೆ ನಡೆದುಕೊಂಡು ಹೋಗಬೇಕು.

ಕೆಲಸದ ಮಾತು ಹೇಳುತ್ತೇನೆ. ಬಿಲ್ಲು ಒಂದೇ ಸಾಲದು. ಎಸ್ಟಿಮೇಟು, ಎಂಬಿ ಅನ್ನುವ ಅಳತೆ ಪುಸ್ತಕ, ಕೆಲಸ ಮುಗಿದ ಸರ್ಟಿಫಿಕೇಟು ಮೂರನ್ನೂ ಕೇಳು. ಎಂಬಿಯಲ್ಲಿ ಉದ್ದ ಅಗಲ ಅಳೆದವರ ಸಹಿ ಇರುತ್ತದೆ, ತಾರೀಖು ಇರುತ್ತದೆ. ಆ ತಾರೀಖಿಗೆ ಹಳ್ಳದಲ್ಲಿ ಎಷ್ಟು ನೀರಿತ್ತು ಅಂತ ಊರವರನ್ನು ಕೇಳು. ಎರಡು ಬಿಲ್ಲು ಅಂದರೆ ಎರಡು ಕಂತೂ ಇರಬಹುದು, ಅದನ್ನು ನೋಡದೆ ಬಾಯಿ ಬಿಡಬೇಡ. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಪದದೊಳಗೆ, ಒಂದು ಅರ್ಜಿಗೆ ಒಂದೇ ವಿಷಯ, ಶುಲ್ಕ 10 ರೂಪಾಯಿ. 30 ದಿನಕ್ಕೆ ಉತ್ತರ ಬರದಿದ್ದರೆ ಮೇಲ್ಮನವಿ. 2005ರ ಕಾಯ್ದೆಯಲ್ಲಿ ಹೆಚ್ಚು ಜನ ನೋಡದ ಒಂದು ಮಾತಿದೆ. ಕಾಗದದ ನಕಲಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು, ಸಾಮಗ್ರಿಯ ದೃಢೀಕರಿಸಿದ ಮಾದರಿ ಪಡೆಯುವ ಹಕ್ಕೂ ಇದೆ.

ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ಹೇಳಿದ್ದು ನಿಜ ಅಂದರೆ ಸಾಲದು, ಸಾರ್ವಜನಿಕ ಹಿತಕ್ಕೆ ಹೇಳಿದ್ದು ಅಂತಲೂ ತೋರಿಸಬೇಕು. ಭಾವ ಮೈದುನರ ಸುದ್ದಿಗೆ ಹೋಗಬೇಡ. ಸಂಕ ಎಲ್ಲಿದೆ ಅಂತಷ್ಟೇ ಕೇಳು.

ಚೌಕಿ ಮನೆ, ಹೊಸನಗರ

ನಾನು ಬಡಗುತಿಟ್ಟು ಯಕ್ಷಗಾನದಲ್ಲಿ ಹಾಸ್ಯದ ವೇಷ ಮಾಡುವವನು. ರಾಜನ ಮುಂದೆ ಮಂತ್ರಿ ಆಡಲಾರದ ಮಾತನ್ನು ದೂತನ ವೇಷದಲ್ಲಿ ನಾವು ಆಡಿಬಿಡುತ್ತೇವೆ. ಆದರೆ ಒಂದು. ಸಾವಿನ ಸುದ್ದಿ ತರುವ ದೂತನೂ ನಾವೇ. ಆಗ ವೇಷ ಬಿಚ್ಚಿ ಬರುವುದಿಲ್ಲ. ಅದೇ ವೇಷದಲ್ಲಿ ಬಂದು, ಕುಣಿಯದೆ ನಿಂತು ಹೇಳುತ್ತೇವೆ. ಸಭೆಗೆ ತಾನಾಗಿ ಗೊತ್ತಾಗುತ್ತದೆ. ಟೋಪಿ ತೆಗೆಯಲು ಹೋಗಿ ನೀವೇ ಕೆಡಿಸಿಕೊಂಡಿರಿ.

ಹಾಳೆಟೋಪಿ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ 'ಭಾವ'ನ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಪರವಾಗಿಲ್ಲ.

ಎರಡು ಬಿಲ್ಲನ್ನು ಮತ್ತೆ ನೋಡಿದೆ. ಕಂತು ಅಲ್ಲ, ಎರಡರಲ್ಲೂ ಪೂರ್ತಿ ಉದ್ದದ ಅಳತೆಯೇ ಇದೆ. ಎಂಬಿಗೆ ಅರ್ಜಿ ಹಾಕಿದ್ದೇವೆ. ಇನ್ನೊಂದು ಅರ್ಜಿ ಅಜ್ಜಿಯ ಹೆಸರಿನಲ್ಲೇ ಹೋಗಿದೆ, ಹಿರಿಯರು ಹೇಳಿದ ಹಾಗೆ ಸಂಕದ ಕಾಂಕ್ರೀಟಿನ ಮಾದರಿ ಕೇಳಿ. ಏನು ಕೊಡುತ್ತಾರೆ ನೋಡಬೇಕು. ಸುಲಿಯುವ ಹೆಂಗಸರಿಗೆ ಆ ಅರ್ಜಿಯನ್ನು ಇದ್ದ ಹಾಗೇ ಓದಿದೆ, ಒಂದಕ್ಷರ ಸೇರಿಸಲಿಲ್ಲ. ಮೆಟ್ಟುಗತ್ತಿ ಬಿಟ್ಟು ನಕ್ಕರು.