ಮಗನಿಗೆ 18 ತುಂಬ್ತಿದೆ, ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿಗೆ ಹೆಸರಿನ ಪಟ್ಟಿ ಇಡೋ ಸೆಲೆಕ್ಟಿವ್ ಸರ್ವಿಸ್‌ಗೆ ಹೆಸರು ಕೊಡಲೇಬೇಕಾ?

ಡಲ್ಲಾಸ್_ಅಮ್ಮ:
ಮಗ ಎಚ್-4 ವೀಸಾದಲ್ಲಿದ್ದಾನೆ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋದು), ಬರೋ ತಿಂಗಳು 18. ಗ್ರೀನ್ ಕಾರ್ಡಿಗೆ (ಕಾಯಂ ವಾಸಕ್ಕೆ) ಐ-485 ಅರ್ಜಿ ಹಾಕಿಯಾಗಿದೆ, ಕಾರ್ಡ್ ಇನ್ನೂ ಬಂದಿಲ್ಲ. "ನಾನು ಯುದ್ಧದ ವಿರೋಧಿ, ಹೆಸರು ಕೊಡಲ್ಲ" ಅಂತ ಇವನ ಹಟ. ಒಬ್ಬನೇ ಮಗ ಆದ್ರೆ ವಿನಾಯಿತಿ ಇದೆಯಂತೆ, ನಿಜಾನಾ? ಕೊಡದಿದ್ರೆ ಏನಾಗುತ್ತೆ?

ಕಡತ_ಪುರಾಣ:
ಎಚ್-4, ಎಫ್-1 (ವಿದ್ಯಾರ್ಥಿ ವೀಸಾ) ಇವೆಲ್ಲ ಚಾಲ್ತಿಯಲ್ಲಿರೋವರೆಗೂ ಹೆಸರು ಕೊಡಬೇಕಾಗಿಲ್ಲ. ಗ್ರೀನ್ ಕಾರ್ಡ್ ಮಂಜೂರಾದ ದಿನದಿಂದ 30 ದಿನದೊಳಗೆ ಕೊಡಬೇಕು. ಐ-485ಗೆ ಸಹಿ ಹಾಕಿದ್ರೆ ಇಮಿಗ್ರೇಶನ್‌ನವರು ವಿವರ ಅತ್ತ ಕಳಿಸಬಹುದು, ಆದ್ರೆ ಅದನ್ನೇ ನಂಬಿ ಕೂರಬೇಡಿ. ಸೆಲೆಕ್ಟಿವ್ ಸರ್ವಿಸ್ ವೆಬ್‌ಸೈಟಲ್ಲಿ ಸರ್‌ನೇಮ್, ಸೋಶಿಯಲ್ ಸೆಕ್ಯುರಿಟಿ ನಂಬರ್, ಹುಟ್ಟಿದ ದಿನ ಹಾಕಿ ನೋಡಿ. ಹೆಸರಿಲ್ಲದಿದ್ರೆ ಅಲ್ಲೇ ಸೇರಿಸಬಹುದು. ನಮ್ಮವರಿಗೆ ತೊಡಕಾಗೋದು ಸಾಮಾನ್ಯವಾಗಿ ಸರ್‌ನೇಮಲ್ಲೇ: ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು, ಸೋಶಿಯಲ್ ಕಾರ್ಡಲ್ಲಿ ಊರ ಹೆಸರು. ಸೋಶಿಯಲ್ ಕಾರ್ಡಲ್ಲಿ ಇದ್ದ ಹಾಗೇ ತುಂಬಿ.

ಒಬ್ಬನೇ ಮಗ ಅನ್ನೋದು ಗಾಳಿಮಾತು. ಅಪ್ಪ-ಅಮ್ಮನೋ ಒಡಹುಟ್ಟಿದವರೋ ಸೇನಾ ಸೇವೆಯಲ್ಲಿ ತೀರಿಕೊಂಡಿದ್ರೆ ಮಾತ್ರ ಬೇರೆ ನಿಯಮ. ಅದೂ ಸೇನೆಯಿಂದ ಕರೆ ಬಂದಾಗ, ಹೆಸರು ಕೊಡೋದಕ್ಕಲ್ಲ.

ಕಾನೂನಲ್ಲಿ 5 ವರ್ಷ ಜೈಲು, 2,50,000 ಡಾಲರ್ ದಂಡ ಅಂತಿದೆ. 1980ರ ದಶಕದ ನಂತರ ಆ ಕೇಸು ಯಾರ ಮೇಲೂ ಹಾಕಿಲ್ಲ. ನಿಜವಾಗಿ ಪೆಟ್ಟು ಬೀಳೋದು ಪೌರತ್ವಕ್ಕೆ. ಅದರ ಅರ್ಜಿ ಎನ್-400 ಫಾರಂ ಈ ನೋಂದಣಿ ಸಂಖ್ಯೆಯನ್ನ ನೇರವಾಗಿ ಕೇಳುತ್ತೆ. ಫೆಡರಲ್ (ಕೇಂದ್ರ ಸರ್ಕಾರದ) ಕೆಲಸಕ್ಕೂ ಅಡ್ಡಿ. ಕಾಲೇಜಿನ ಫೆಡರಲ್ ಸಾಲ-ಸಹಾಯಕ್ಕೆ ಮಾತ್ರ ಈಗ ಇದನ್ನ ನೋಡಲ್ಲ.

ಡಲ್ಲಾಸ್_ಅಮ್ಮ:
ಥ್ಯಾಂಕ್ಸ್. ಆದ್ರೆ ಹೆಸರು ಕೊಟ್ರೆ ಯುದ್ಧಕ್ಕೆ ಒಪ್ಪಿದ ಹಾಗೇ ಅಂತಾನಲ್ಲ ಇವನು?

ಅಹಿಂಸಾ_ಓಹಾಯೋ:
ಹೆಸರು ಕೊಟ್ಟ ಮಾತ್ರಕ್ಕೆ ಸೇನೆಗೆ ಸೇರಿದ ಹಾಗಲ್ಲಮ್ಮ. ಕಡ್ಡಾಯ ಭರ್ತಿ 1973ಕ್ಕೇ ನಿಂತಿದೆ. ಮತ್ತೆ ಶುರುವಾಗಬೇಕಾದ್ರೆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕಾನೂನು ತಿದ್ದಬೇಕು. ಆಮೇಲೂ ಲಾಟರಿ, ಅದರಲ್ಲಿ ಆ ವರ್ಷ 20 ತುಂಬೋರ ಸರದಿ ಮೊದಲು. 18ರ ಹುಡುಗರದ್ದು ಕಟ್ಟಕಡೆಗೆ.

ಆತ್ಮಸಾಕ್ಷಿಯ ಆಕ್ಷೇಪ (ಯುದ್ಧ ಮಾಡೋದೇ ತಪ್ಪು ಅನ್ನೋ ನಂಬಿಕೆ) ಹೇಳೋಕೆ ನೋಂದಣಿ ಫಾರಂನಲ್ಲಿ ಜಾಗವಿಲ್ಲ. ಕರೆ ಬಂದ ಮೇಲೆ ಲೋಕಲ್ ಬೋರ್ಡ್ (ಇಂಥ ಮನವಿ ತೀರ್ಮಾನಿಸೋ ಊರಿನ ಸಮಿತಿ) ಮುಂದೆ ವಾದಿಸಬೇಕು. ದೇವರು-ಧರ್ಮ ಇರಲೇಬೇಕು ಅಂತಿಲ್ಲ, ನೈತಿಕ ನಂಬಿಕೆಯೂ ನಡೆಯುತ್ತೆ. ಬರೀ ರಾಜಕೀಯ ಕಾರಣ ನಡೆಯಲ್ಲ. "ಈ ಯುದ್ಧ ಬೇಡ, ಆ ಯುದ್ಧ ಆದೀತು" ಅನ್ನೋ ವಾದವಂತೂ 1971ರಲ್ಲೇ ಸುಪ್ರೀಂ ಕೋರ್ಟಲ್ಲಿ ಬಿದ್ದುಹೋಯ್ತು. ಬೋರ್ಡ್ ಹಳೇ ನಡವಳಿಕೆ ನೋಡುತ್ತೆ. ಅದಕ್ಕೇ ಇವನು ನಂಬೋದನ್ನ ಈಗಲೇ ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಲಿ. ಪೇಪರ್ ಫಾರಂ ಕಳಿಸೋರು ಅದರ ಅಂಚಲ್ಲೇ ಒಂದು ಸಾಲು ಬರೆದು ಜೆರಾಕ್ಸ್ ಇಟ್ಕೊಳ್ತಾರೆ. ಆ ಸಾಲನ್ನ ಇಲಾಖೆ ಲೆಕ್ಕಕ್ಕೆ ಹಿಡಿಯಲ್ಲ, ಆ ಪ್ರತಿ ಮುಂದೆ ಪುರಾವೆಯಾಗಬಹುದು ಅಷ್ಟೇ. ಹೆಸರೇ ಕೊಡದೆ ಕೂತ್ರೆ ಈ ದಾರಿಗೂ ತೊಡಕು.

ಕಡತ_ಪುರಾಣ:
ಇನ್ನೊಂದು ಮಾತು. 26 ತುಂಬಿದ ಮೇಲೆ ಹೆಸರು ಸೇರಿಸ್ಕೊಳ್ಳೋದೇ ಇಲ್ಲ. ಅಷ್ಟರವರೆಗೂ ವೀಸಾದಲ್ಲೇ ಉಳಿದ್ರೆ ತೊಂದರೆ ಇಲ್ಲ, ಆದ್ರೆ ಅದನ್ನ ತೋರಿಸೋ ಹೊಣೆ ಅವನದು. ಐ-94 (ದೇಶಕ್ಕೆ ಬಂದ ದಾಖಲೆ), ಐ-797 (ಇಮಿಗ್ರೇಶನ್ ಮಂಜೂರಾತಿ ಪತ್ರ), ಎಫ್-1ಗೆ ಬದಲಾದ್ರೆ ಐ-20 (ಕಾಲೇಜು ಕೊಡೋ ಪತ್ರ), ಒಂದನ್ನೂ ಬಿಸಾಡಬೇಡಿ. ಹೆಸರು ಕೊಟ್ಟವನು ಮನೆ ಬದಲಿಸಿದ್ರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು. ಹಾಸ್ಟೆಲಿಗೆ ಹೋದ ಹುಡುಗರು ಇದನ್ನ ಮರೆತೇಬಿಡ್ತಾರೆ.